ಮಂಗಗಳು ಡಿಶ್ ತಿರುಗಿಸಿದ ಮೇಲೆ

ಯಳಂದೂರಿನಿಂದ ರಾಮಾಪುರಕ್ಕೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಮಾವನವರ ಜೊತೆ ನೇರವಾಗಿ ಮಾತಾಡಿದ್ದೇ ಇಲ್ಲ ಎನ್ನಬೇಕು. ಯಾರೂ ಬೇಡ ಅಂದಿರಲಿಲ್ಲ. ಅವರಿಗೆ ಏನು ಬೇಕಾದರೂ ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ನನ್ನ ಉತ್ತರವೂ ಅದೇ ದಾರಿಯಲ್ಲಿ ವಾಪಸು ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಮಾವ ಜಗುಲಿಯಿಂದ ಜಾರಿ ಕಾಲು ಮುರಿದುಕೊಂಡರು. ಕಾಮಗೆರೆಯ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದು ನಡುಮನೆಯ ಮಂಚ ಹಿಡಿದವರಿಗೆ ಟಿವಿಯೇ ಜೊತೆ. ಒಂದು ಬೆಳಿಗ್ಗೆ ಕಾಡಿನ ಕಡೆಯಿಂದ ಬಂದ ಮಂಗಗಳು ತಾರಸಿಯ ಮೇಲಿನ ಡಿಶ್ ಹಿಡಿದು ಜೋತಾಡಿ ಹೋದವು. ಟಿವಿಯಲ್ಲಿ ‘ನೋ ಸಿಗ್ನಲ್’ ಅಂತ ಬಂತು. ಗಂಡ ಕೆಲಸಕ್ಕೆಂದು ಕೊಳ್ಳೇಗಾಲಕ್ಕೆ ಹೋಗಿದ್ದರು. ಡಿಶ್ ಹಾಕಿಕೊಟ್ಟಿದ್ದ ಹನೂರಿನ ಮೆಕ್ಯಾನಿಕ್‌ಗೆ ನಾನೇ ಫೋನ್ ಮಾಡಿದೆ.

“ಒಡೆಯರಪಾಳ್ಯದಲ್ಲಿ ಇವ್ನಿ ಅಕ್ಕ, ಇವತ್ತು ಬರಕ್ಕಾಗಲ್ಲ. ಎಲ್‌ಎನ್‌ಬಿ ನೆಟ್ಟಗದಾ ನೋಡಿ,” ಅಂದ.

ಎಲ್‌ಎನ್‌ಬಿ ಅಂದರೇನು ಅಂತ ಕೇಳಿದೆ.

“ಡಿಶ್ ಮುಂದ್ಗಡೆ ಕಂಬಿ ತುದೀಲಿ ಮೂತಿ ತರ ಅದಲ್ಲ, ಅದೇ ಕಣಕ್ಕ. ಡಿಶ್ಶು ಸಿಗ್ನಲ್ನ ಬಾಚಿ ಅದರ ಬಾಯಿಗಾಕ್ತದ. ಅದು ವೈರ್‌ನಲ್ಲಿ ಬಾಕ್ಸ್‌ಗೆ ಕಳಿಸ್ತದ.”

ತಾರಸಿಗೆ ಹೋಗಿ ನೋಡಿದರೆ ಮೂತಿ ನೆಟ್ಟಗಿತ್ತು, ವೈರೂ ಕಿತ್ತಿರಲಿಲ್ಲ. ಕೆಳಗೆ ಬಂದು ರಿಮೋಟ್‌ನಲ್ಲಿ ಅವನು ಹೇಳಿದ ಗುಂಡಿಗಳನ್ನು ಒತ್ತಿದಾಗ ಟಿವಿಯಲ್ಲಿ ಎರಡು ಪಟ್ಟಿ ಕಾಣಿಸಿದವು. ಮೇಲಿನದು ಸ್ಟ್ರೆಂತ್, ತುಂಬಿತ್ತು. ಕೆಳಗಿನದು ಕ್ವಾಲಿಟಿ, ಪೂರಾ ಖಾಲಿ.

“ಅಂಗಾರೆ ಎಲ್‌ಎನ್‌ಬಿಗೆ ಕರೆಂಟ್ ಓಯ್ತಾ ಅದ. ಡಿಶ್ ಮಾತ್ರ ಸ್ಯಾಟಲೈಟ್ ಕಡೆ ನೋಡ್ತಿಲ್ಲ. ಕ್ವಾಲಿಟಿ ಏರೋಗಂಟ ಒಸಿ ಒಸಿನೇ ತಿರುಗ್ಸಿ.”

ನಾನು ಮತ್ತೆ ತಾರಸಿ ಹತ್ತಿದೆ. ಮಾವ ಮಂಚದಿಂದ ಪಟ್ಟಿ ನೋಡುವುದು, ಅತ್ತೆ ಬಾಗಿಲಲ್ಲಿ ನಿಂತು ನನಗೆ ಕೂಗಿ ಹೇಳುವುದು ಅಂತಾಯಿತು. ಬೋಲ್ಟ್ ಸಡಿಲಿಸಿ ಡಿಶ್ ಅನ್ನು ಕೂದಲೆಳೆಯಷ್ಟು ತಿರುಗಿಸಿ “ಬಂತಾ?” ಅನ್ನುತ್ತಿದ್ದೆ. “ಬಂತಾ ಅಂತಾಳೆ,” ಅಂತ ಅತ್ತೆ ಒಳಗೆ ಕೇಳುತ್ತಿದ್ದರು. “ಇಲ್ವಂತೆ ಕಣಮ್ಮಿ,” ಅಂತ ನನಗೆ ತಲುಪುವಷ್ಟರಲ್ಲಿ ನಾನು ಇನ್ನೊಂದಿಷ್ಟು ತಳ್ಳಿರುತ್ತಿದ್ದೆ. ಬಿಸಿಲಿಗೆ ಕಾದ ತಗಡು ಕೈ ಸುಡುತ್ತಿತ್ತು. ಅಷ್ಟರಲ್ಲಿ ಹಿತ್ತಲಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡಿತು. ಅತ್ತೆ ಅದರ ಹಿಂದೆ ಓಡಿದರು.

ನಾನು ಡಿಶ್ ಹಿಡಿದುಕೊಂಡೇ ನಿಂತೆ. ಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಕೊನೆಗೆ ಗಟ್ಟಿಯಾಗಿ, “ಮಾವ, ಬಂತಾ?” ಅಂದೆ.

ಒಳಗಿನಿಂದ ಮಾವನವರೇ ಕೂಗಿದರು:

“ಒಸಿ ಏರ್ತು ಕಣವ್ವ, ಅಂಗೇ ತಿರುಗ್ಸು!” ಆ ಮನೆಯಲ್ಲಿ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ. “ಅಯ್ಯೋ ಇಳಿದೋಯ್ತು, ಇಂದಕ್ಕೆ ತಕೋ! ಆಂ, ಬಂತು! ಅಳ್ಳಾಡಿಸ್ಬೇಡ!”

ಬೋಲ್ಟ್ ಬಿಗಿದು ಕೆಳಗಿಳಿದೆ. ವಾರ್ತೆ ಬರುತ್ತಿತ್ತು. ಮಾವ ಟಿವಿಯಿಂದ ಕಣ್ಣು ತೆಗೆಯದೆಯೇ ಕೇಳಿದರು: “ಫೋನಲ್ಲಿ ಅದೇನೋ ಎಲ್ಲೆನ್ಬಿ ಅಂತಿದ್ಯಲ್ಲ, ಏನದು?”

ಹೊಸ್ತಿಲ ಹತ್ತಿರ ಕೂತು ನನಗೆ ಅರ್ಥವಾದಷ್ಟು ಹೇಳಿದೆ. ಡಿಶ್, ಮೂತಿ, ವೈರು, ಬಾಕ್ಸು. ಸ್ಟ್ರೆಂತ್ ಇದ್ದರೂ ಕ್ವಾಲಿಟಿ ಯಾಕಿರಲಿಲ್ಲ ಅನ್ನುವುದನ್ನೂ ಹೇಳಿದೆ. ಸ್ಯಾಟಲೈಟ್ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ ಅಂದಾಗ, “ಬೀಳಾಕಿಲ್ವಾ?” ಅಂದರು. “ನೋಡಿ ಹೇಳ್ತೀನಿ ಮಾವ,” ಅಂದೆ.

ಮೊಬೈಲ್‌ನಲ್ಲಿ ಹುಡುಕಿ ಓದಿ, ಮರುದಿನ ಹೇಳಿದೆ: ಅದು ನಿಂತಿಲ್ಲ, ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ತಾನೂ ಒಂದು ಸುತ್ತು ಹಾಕುತ್ತದೆ, ಅದಕ್ಕೇ ನಮಗೆ ನಿಂತ ಹಾಗಿರುತ್ತದೆ, ಆ ಓಟದಿಂದಲೇ ಬೀಳುವುದೂ ಇಲ್ಲ. ಮಾವ ಪೂರ್ತಿ ಕೇಳಿಸಿಕೊಂಡರು.

“ಸರಿ ಬುಡು. ಒಸಿ ಟೀ ಕಾಯ್ಸವ್ವ,” ಅಂದರು.