ಬೆಣ್ಣಿಯ ಊಟ, ಅನ್ನವ್ವನ ಗಂಟೆ

ಅಣ್ಣಿಗೇರಿಯ ನನ್ನ ಅಂಗಡಿಯಲ್ಲಿ ಜೋಳ ಕೊಳ್ಳುವವರು ಎರಡು ಥರ. ಒಂದು ಥರದವರು ಚೀಲದ ಮೇಲಿನ ಕಾಳು ನೋಡಿ ದರ ಕೇಳುತ್ತಾರೆ. ಎರಡನೆಯ ಥರ ಅನ್ನವ್ವ. ಆಕೆ ಚೀಲದ ತಳಕ್ಕೆ ಮೊಣಕೈವರೆಗೆ ಕೈ ಇಳಿಸಿ ಒಂದು ಮುಷ್ಟಿ ತೆಗೆದು, ಬಿಸಿಲಿಗೆ ಹಿಡಿದು, ಅಂಗೈಯಲ್ಲಿ ತಿಕ್ಕಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು, ಕೊನೆಗೆ ನನ್ನ ಮುಖ ನೋಡುತ್ತಾಳೆ.

"ಇದು ಎಲ್ಲಿದು, ಗೌರೀಶ?"

"ಯರಗುಪ್ಪಿದ್ರಿ ಅಕ್ಕಾರ. ಅಗದಿ ಕರೀ ಎರಿ ಮಣ್ಣಿನ ಹೊಲದ್ದು."

"ಎರಿ ಹೊಲಾ ಖರೇ. ಜ್ವಾಳಾ ಬ್ಯಾರೆ ಹೊಲದ್ದು."

ಹೀಗೆ ಇಪ್ಪತ್ತೆರಡು ವರ್ಷ. ಗಂಡ ಈರಬಸಪ್ಪ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದಾಗ ಆಕೆ ಖಡಕ್ ರೊಟ್ಟಿ ಮಾರಲು ಶುರು ಮಾಡಿದಳು. ಮಿಲ್ಲು ನಿಂತಿತು, ರೊಟ್ಟಿ ನಿಲ್ಲಲಿಲ್ಲ. ಈಗ ಆಕೆ ಬಡಿಯುತ್ತಾಳೆ, ಈರಬಸಪ್ಪ ಗಂಟು ಕಟ್ಟಿ ಹುಬ್ಬಳ್ಳಿ ಬಸ್ಸಿಗೆ ಹಾಕಿ ಬರುತ್ತಾನೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳುವ ಅಗತ್ಯವಿಲ್ಲ. ಅಲ್ಲಿ ನಡೆಯುವುದು ಬೆಕ್ಕಿನ ಮಾತು.

ಬೆಕ್ಕಿನ ಹೆಸರು ಬೆಣ್ಣಿ. ಬಣ್ಣವೂ ಅದೇ, ಮೈಯೂ ಅದೇ. ಹಂಚಿನಿಂದ ಆಗತಾನೆ ಇಳಿದ ರೊಟ್ಟಿಯನ್ನು ಎಮ್ಮೆಯ ಹಾಲಿನಲ್ಲಿ ಮುರಿದು ಮೇಲೆ ಕೆನೆ ಹಾಕಿದರೆ ಉಣ್ಣುತ್ತಾಳೆ. ರೊಟ್ಟಿ ಆರಿದ್ದರೆ ಮೂಸುತ್ತಾಳೆ. ಪಾಕೀಟಿನ ಹಾಲಾದರೆ ಮೂಸುವುದೂ ಇಲ್ಲ. ಸೋಮವಾರಕ್ಕೊಂದು ಪೇಡೆ ಬೇಕು. ಇಲಿ ಮುಂದೆ ಹಾದರೆ, ನಿವೃತ್ತ ಮಾಸ್ತರರು ರಸ್ತೆಯಲ್ಲಿ ಹಳೆಯ ವಿದ್ಯಾರ್ಥಿಯನ್ನು ನೋಡಿದಂತೆ ನೋಡಿ ಸುಮ್ಮನಾಗುತ್ತಾಳೆ. ಇಷ್ಟೊಂದು ನಖರೆ ಎಲ್ಲಿಂದ ಬಂತು ಎಂದು ಅನ್ನವ್ವ ನನ್ನನ್ನೇ ಒಮ್ಮೆ ಕೇಳಿದ್ದಳು. ಆಕೆಯ ಕೈ ಆಗ ನನ್ನ ಜೋಳದ ಚೀಲದಲ್ಲಿತ್ತು.

ಹೋದ ಬೇಸಿಗೆಯಲ್ಲಿ ಬೆಣ್ಣಿ ಕಟ್ಟೆಗೆ ನೆಗೆಯಲು ಹೋಗಿ ಬಿದ್ದಳು. ಮರುದಿನ ಹಿಟ್ಟಿನ ಡಬ್ಬಿಗೆ ಡಿಕ್ಕಿ ಹೊಡೆದಳು. ಮೂರನೆಯ ದಿನ ಅನ್ನವ್ವ ಅವಳನ್ನು ರೊಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದಳು. ದನದ ದವಾಖಾನೆ ನನ್ನ ಅಂಗಡಿಯ ಬಾಜು.

"ಏಳು, ನೀನೂ ಬಾ."

"ನಾ ಯಾಕ್ರಿ ಅಕ್ಕಾರ?"

"ಬೆಕ್ಕಿಗೆ ಡಾಕ್ಟರು ಅಂತ ಮಂದಿ ನಗ್ತಾರ. ನೀ ಇದ್ರ ನಿನ್ನ ನೋಡಿ ನಗ್ತಾರ."

ಡಾಕ್ಟರ್ ರೋಹಿಣಿ ಬೆಣ್ಣಿಯ ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಏನು ಉಣ್ಣಿಸುತ್ತೀರಿ ಎಂದು ಕೇಳಿದರು. ಅನ್ನವ್ವ ಬೀಗರ ಊಟ ವರ್ಣಿಸುವಂತೆ ರೊಟ್ಟಿ, ಹಾಲು, ಕೆನೆ, ಪೇಡೆ ಎಲ್ಲ ಹೇಳಿದಳು.

"ಮತ್ತ ಇಲಿ?"

"ಛೀ! ನಮ್ಮ ಬೆಣ್ಣಿ ಲಿಂಗವಂತರ ಮನಿಯಾಕಿ, ಬಾಯಾರ."

ಡಾಕ್ಟರು ನಗಲಿಲ್ಲ. "ಇಕಿ ಬೆಕ್ಕಿನ ಜಾತಿಯಾಕಿ ಆಗ್ಯಾಳಲ್ರಿ. ಮಾಂಸದಾಗಿನ ಸತ್ವ ಹೊಟ್ಟಿಗಿ ಹೋಗಲಿಲ್ಲಂದ್ರ ಬೆಕ್ಕಿನ ಕಣ್ಣು ಸೊರಗ್ತಾವ. ಹೋದ ದೃಷ್ಟಿ ತಿರುಗಿ ಬರಂಗಿಲ್ಲ. ಇದ್ದದ್ದಾದ್ರೂ ಉಳೀಬೇಕಂದ್ರ ಮೀನಾ, ಕೋಳಿ ಸುರು ಮಾಡ್ರಿ. ತಡಾ ಮಾಡಿದ್ರ ಪೂರಾ ಕುರುಡ ಆಗ್ತಾಳ."

ಅನ್ನವ್ವ ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು, ಬೆಕ್ಕಿಗೆ ಆ ಮಾತು ಕೇಳಿಸಬಾರದು ಎಂಬಂತೆ.

ಮುಂದಿನ ಒಂದು ವಾರ ನನಗೆ ಒಳ್ಳೆಯ ವ್ಯಾಪಾರವಾಯಿತು. ಆಕೆ ಮೊದಲು ಹೆಸರುಬೇಳೆ ಒಯ್ದಳು, ಆಮೇಲೆ ಕಡಲೆ, ಆಮೇಲೆ ಶೇಂಗಾ. ಎಲ್ಲವನ್ನೂ ನೆನೆಸಿ, ಬೇಯಿಸಿ, ಅರೆದು ಬೆಣ್ಣಿಯ ಮುಂದಿಟ್ಟಳು. ಬೆಣ್ಣಿ ಒಂದೊಂದನ್ನೂ ಮೂಸಿ, ಮುಂಗಾಲಿನಿಂದ ನೆಲ ಕೆರೆದು, ಕಾಣದ ಮಣ್ಣು ಮುಚ್ಚಿ ಎದ್ದುಹೋದಳು. ನಾನು ಹುಬ್ಬಳ್ಳಿಯಿಂದ ಬೆಕ್ಕಿನ ತಿನಿಸಿನ ಪಾಕೀಟು ತರಿಸಿದೆ. ಅದರ ಮೇಲಿನ ಮೀನಿನ ಚಿತ್ರ ಕಂಡದ್ದೇ ತಡ, ಅನ್ನವ್ವ ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ತಂದಿಟ್ಟಳು.

"ನಮ್ಮ ಅಡಗಿಮನ್ಯಾಗ ಇದು ಬರೂದಿಲ್ಲ. ಆ ಒಲಿ ಮ್ಯಾಗ ಮಂದಿಗೆ ರೊಟ್ಟಿ ಬಡೀತೀನಿ ನಾ."

"ಹಂಗಾರ ಕಣ್ಣು?"

ಆಕೆ ಜೋಳ ನೋಡದೆಯೇ ಎದ್ದುಹೋದಳು. ಇಪ್ಪತ್ತೆರಡು ವರ್ಷದಲ್ಲಿ ಅದು ಮೊದಲ ಸಲ.

ದಾರಿ ತೋರಿಸಿದ್ದು ಹಿತ್ತಲ ಗೋಡೆಯಾಚೆಯ ರೇಷ್ಮಾಬಿ. ಇಬ್ಬರದೂ ಮೂವತ್ತು ವರ್ಷದ ನೆರೆ. ಈ ಕಡೆಯಿಂದ ರೊಟ್ಟಿ ಗೋಡೆ ದಾಟುತ್ತದೆ, ಆ ಕಡೆಯಿಂದ ಬಾಳೆಹಣ್ಣು, ಪೇರಲ ದಾಟುತ್ತವೆ. ಬೇಯಿಸಿದ್ದು ದಾಟುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ.

"ನಿಮ್ಮ ಮನ್ಯಾಗ ಬ್ಯಾಡ, ಅನ್ನವ್ವಕ್ಕಾ. ನಮ್ಮ ಹಿತ್ತಲದಾಗ ತಿನ್ಲಿ," ಎಂದಳು ರೇಷ್ಮಾಬಿ. "ಉಪ್ಪು, ಖಾರಾ ಇಲ್ದ ಕುದಿಸಿ, ಮುಳ್ಳ ತಗದು ಇಡ್ತೀನಿ. ನಿಮ್ಮ ಕಣ್ಣಿಗಿ ಬೀಳಂಗಿಲ್ಲ."

"ಬಾಯಿ ಒರಸಿ ಕಳಸ್ತಿ?"

"ಬಾಯಿನೂ ಒರಸ್ತೀನಿ, ಕಾಲೂ ಒರಸ್ತೀನಿ. ಬೇಕಾದ್ರ ಊದಿನಕಡ್ಡಿ ಬೆಳಗಿ ಕಳಸ್ತೀನಿ. ಸಾಕೋ?"

ಅನ್ನವ್ವ ಎರಡು ದಿನ ಯೋಚಿಸಿ ಹೂಂ ಎಂದಳು. ಊರೆಲ್ಲ ಸಲೀಸಾಗಿ ಒಪ್ಪಿತು. ಒಪ್ಪದವಳು ಬೆಣ್ಣಿ ಒಬ್ಬಳೇ. ರೇಷ್ಮಾಬಿ ಮುಳ್ಳು ಆರಿಸಿ ಇಟ್ಟ ಮೀನಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಮರುದಿನ ಕೋಳಿ. ಅದಕ್ಕೂ ಬೆನ್ನೇ.

"ನಮ್ಮ ಮನ್ಯಾಗ ಹೆಣ್ಣು ನೋಡಾಕ ಬಂದವ್ರೂ ಇಷ್ಟು ಬಿಗೀಲಿಲ್ಲ," ಎಂದು ರೇಷ್ಮಾಬಿ ನನ್ನ ಅಂಗಡಿಯಲ್ಲಿ ದೂರಿದಳು.

ಒಂದು ಬೆಳಿಗ್ಗೆ ಜೋಳದ ಚೀಲ ಹಾಕಿಸಲು ಅನ್ನವ್ವನ ಮನೆಗೆ ಹೋಗಿದ್ದೆ. ಆಕೆ ಪೂಜೆಗೆ ಕೂತಿದ್ದಳು. ಬೆಣ್ಣಿ ಎಲ್ಲೂ ಕಾಣಲಿಲ್ಲ. ಅನ್ನವ್ವ ದೇವರ ಜಗಲಿಯ ಮೇಲಿನ ಕಂಚಿನ ಗಂಟೆ ಎತ್ತಿ ಮೂರು ಸಲ ಬಾರಿಸಿದಳು. ಅದೆಲ್ಲಿದ್ದಳೋ, ಬೆಣ್ಣಿ ಗೋಡೆಗೆ ಮೈ ತಾಗಿಸಿಕೊಂಡು ಬಂದು ತನ್ನ ಹಿತ್ತಾಳೆಯ ತಾಟಿನ ಮುಂದೆ ನೆಟ್ಟಗೆ ಕೂತಳು. ದೇವರಿಗೆ ಎಡೆ ತೋರಿಸಿದ ಮೇಲೆ ಮೊದಲ ತುತ್ತು ಅವಳಿಗೆ. ಒಂಬತ್ತು ವರ್ಷದಿಂದ ಆ ಮನೆಯ ರೂಢಿ.

"ಅಕ್ಕಾರ, ಇಕಿ ಮೀನಾ ಒಲ್ಲೆ ಅನ್ನೂದಿಲ್ರಿ. ಗಂಟಿ ಬಾರಿಸದ ಊಟಾ ಒಲ್ಲೆ ಅಂತಾಳ. ನೀವು ಬೆಕ್ಕು ಸಾಕಿಲ್ಲ, ಜಂಗಮರನ್ನ ಸಾಕೀರಿ."

ಆಕೆ ಬಯ್ಯಲಿಲ್ಲ. ಅಂದರೆ ಮಾತು ನಾಟಿತ್ತು.

ನನ್ನ ಅಂಗಡಿಯಲ್ಲಿ ಕಾಳುಕಡಿಯ ಜೊತೆ ಹಗ್ಗ, ಎತ್ತಿನ ಕೊರಳ ಗಂಟೆ, ಒಂದಿಷ್ಟು ಪೂಜೆಯ ಸಾಮಾನೂ ಇರುತ್ತವೆ. ಒಂದು ಎತ್ತಿನ ಗಂಟೆ ಕೊಟ್ಟೆ. ರೇಷ್ಮಾಬಿ ಅದನ್ನು ಹಿತ್ತಲಲ್ಲಿ ಬಾರಿಸಿದಳು. ಎರಡು ಮನೆ ಆಚೆ ಕಟ್ಟಿದ್ದ ಎಮ್ಮೆ ಕತ್ತೆತ್ತಿ ನೋಡಿತು. ಬೆಣ್ಣಿ ಕಿವಿ ಸಹ ಆಡಿಸಲಿಲ್ಲ. ಪೂಜೆಯ ಹೊಸ ಗಂಟೆ ಒಯ್ದೆ. ಅದಕ್ಕೆ ಒಂದು ಕಿವಿ ತಿರುಗಿಸಿದಳು, ಅಷ್ಟೇ.

ಉಳಿದದ್ದು ಜಗಲಿಯ ಗಂಟೆ. ಅದು ಅನ್ನವ್ವನ ಅತ್ತೆಯ ಅತ್ತೆ ಬಾರಿಸಿದ್ದು. ಅದನ್ನು ಮೀನಿನ ತಾಟಿನ ಮುಂದೆ ಬಾರಿಸಿರಿ ಎಂದು ಹೇಳುವಷ್ಟು ಗಟ್ಟಿ ಎದೆ ನನಗಿಲ್ಲ. ರೇಷ್ಮಾಬಿಯೇ ಅಂದಳು: "ಅದನ್ನ ಮಾತ್ರ ಕೇಳಬ್ಯಾಡ್ರಿ, ಗೌರೀಶಣ್ಣ. ಅದು ಅವರ ದೇವರದು."

ಐದು ದಿನ ಕಳೆದವು. ಆರನೆಯ ದಿನ ಬೆಣ್ಣಿ ಒಲೆಯ ಹತ್ತಿರ ಹೋಗಿ, ಕಾದ ಹಂಚು ಕಾಣದೆ ಮೂತಿ ಒಡ್ಡಿದಳು. ಅನ್ನವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಅವಳನ್ನು ಎಳೆದುಕೊಂಡಳು. ಮೀಸೆ ಒಂದು ಕಡೆ ಸುಟ್ಟುಹೋಗಿತ್ತು.

ಅದೇ ಮಧ್ಯಾಹ್ನ ಆಕೆ ಅಂಗಡಿಗೆ ಬಂದಳು. ಸೆರಗಿನಲ್ಲಿ ಏನನ್ನೋ ಸುತ್ತಿ ಹಿಡಿದಿದ್ದಳು.

"ಒಂದು ಪೂಜಿ ಗಂಟಿ ಕೊಡು, ಗೌರೀಶ."

ನಾನು ಐದು ಗಂಟೆ ಸಾಲಾಗಿ ಇಟ್ಟೆ. ಜೋಳಕ್ಕೇ ಅರ್ಧ ತಾಸು ತೆಗೆದುಕೊಳ್ಳುವಾಕೆ, ಗಂಟೆಗೆ ಸಂಜೆ ಮಾಡುತ್ತಾಳೆ ಎಂದುಕೊಂಡು ಚಹಾ ತರಲು ಹೇಳಿದೆ. ಆಕೆ ಮೊದಲನೆಯದನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಬಾರಿಸಿಯಾದ್ರೂ ನೋಡ್ರಿ, ಅಕ್ಕಾರ!"

"ಏನ್ ನೋಡೂದು? ದೇವರಿಗಿ ಯಾವ ಗಂಟಿ ಆದ್ರೂ ನಡೀತದ. ಅಂವಾ ಏನ್ ಬೆಕ್ಕಾ?"

ಸೆರಗಿನಲ್ಲಿದ್ದುದು ಜಗಲಿಯ ಹಳೆಯ ಗಂಟೆ. ನಾನೂ ಆಕೆಯ ಹಿಂದೆ ಮನೆಗೆ ಹೋದೆ. ಆಕೆ ಅದನ್ನು ಎರಡೂ ಕೈಯಿಂದ ಹಿತ್ತಲ ಗೋಡೆಯ ಮೇಲಿಟ್ಟಳು. ರೇಷ್ಮಾಬಿ ತಲೆಯ ಮೇಲೆ ಸೆರಗು ಹೊದ್ದು ಎರಡೂ ಕೈಯಿಂದ ತೆಗೆದುಕೊಂಡಳು. ಅನ್ನವ್ವ ಗೋಡೆಗೆ ಬೆನ್ನು ಮಾಡಿ ನಿಂತಳು. ಆ ಕಡೆ ಮೂರು ಸಲ ಗಂಟೆ ಕೇಳಿಸಿತು. ಬೆಣ್ಣಿ ಅನ್ನವ್ವನ ಕಾಲ ಹತ್ತಿರದಿಂದ ಎದ್ದು, ಗೋಡೆಯ ಕಿಂಡಿಯಲ್ಲಿ ನುಗ್ಗಿ ಹೋದಳು.

"ತಿನ್ನಾಕತ್ತಾಳೇನ?" ಅನ್ನವ್ವ ತಿರುಗದೆಯೇ ಕೇಳಿದಳು.

"ತಾಟ ನೆಕ್ಕಾಕತ್ತಾಳ್ರಿ. ನನ್ನ ಕಡೆ ನೋಡವಲ್ಲಳು."

"ಬಾಯಿ ಒರಸು."

"ನುಂಗ್ಲಿ ತಡೀರಿ, ಅಕ್ಕಾ!"

ಈಗ ಎಂಟು ತಿಂಗಳಾಯಿತು. ಹೋದ ದೃಷ್ಟಿ ಬಂದಿಲ್ಲ, ಇದ್ದದ್ದು ಹೋಗಿಲ್ಲ ಎಂದಿದ್ದಾರೆ ಡಾಕ್ಟರ್ ರೋಹಿಣಿ. ತಿಂಗಳಿಗೊಮ್ಮೆ ಬೆಣ್ಣಿಯನ್ನು ನನ್ನ ಕಾಟಾದ ಮೇಲೆ ತೂಗುತ್ತೇವೆ. ಅವಳನ್ನು ಎತ್ತಿಕೊಂಡು ನಿಲ್ಲಿರಿ, ಆಮೇಲೆ ನಿಮ್ಮ ತೂಕ ಕಳೆಯೋಣ ಎಂದರೆ ಅನ್ನವ್ವ ಒಪ್ಪುವುದಿಲ್ಲ. ಬುಟ್ಟಿಯಲ್ಲೇ ತೂಗಬೇಕು.

ಹೋದ ವಾರ ಬೆಣ್ಣಿಯನ್ನು ತೂಗಿಸಲು ಬಂದಾಗ ಆಕೆ ಹೊಸ ಗಂಟೆಯನ್ನು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ಬದಲಿ ಕೊಡು. ನಾದಾ ಸರಿ ಇಲ್ಲ."

"ಎಂಟ ತಿಂಗಳ ಆತಲ್ರೀ! ಯಾವ ಗಂಟಿ ಆದ್ರೂ ನಡೀತದ ಅಂದಿದ್ರಿ. ದೇವರು ಏನರೆ ಅಂದ್ನೇನ್ರಿ?"

"ಅಂವಾ ಏನೂ ಅನ್ಲಿಲ್ಲ. ಇದನ್ನ ಬಾರಿಸಿದ್ರ ಬೆಣ್ಣಿ ಎದ್ದ ಬರವಲ್ಲಳು. ಒಂದ ತುತ್ತ ರೊಟ್ಟಿ ನನ್ನ ಕಡೆನೂ ತಿನ್ನಬೇಕಲ್ಲ?"

ಅಂಗಡಿಯಲ್ಲಿದ್ದ ಗಂಟೆಗಳನ್ನೆಲ್ಲ ಹರಡಿದೆ. ಆಕೆ ಒಂದೊಂದನ್ನೇ ಎತ್ತಿ, ಬಾರಿಸಿ, ಕಣ್ಣು ಮುಚ್ಚಿ ಕೇಳಿ, ನನ್ನ ಮುಖ ನೋಡತೊಡಗಿದಳು. ಬುಟ್ಟಿಯೊಳಗೆ ಬೆಣ್ಣಿ ಮಲಗಿಯೇ ಇದ್ದಳು.