ಉಚ್ಚೆಂಗಪ್ಪನ ತಾವರೆ ಗೋಡೆ

ಚಿತ್ತವಾಡ್ಗಿಯ ಪೇಂಟರ್ ಉಚ್ಚೆಂಗಪ್ಪನಿಗೆ ಈಗ ಐವತ್ತೇಳು ವರ್ಷ. ಅದರಲ್ಲಿ ಮೂವತ್ತೆಂಟು ವರ್ಷ ಗೋಡೆಗೆ ಮುಖ ಮಾಡಿಯೇ ಕಳೆದದ್ದರಿಂದ ಮನುಷ್ಯರಿಗಿಂತ ಗೋಡೆಗಳ ಸ್ವಭಾವ ಅವನಿಗೆ ಹೆಚ್ಚು ಗೊತ್ತು. ಯಾವುದು ಬಣ್ಣ ಕುಡಿಯುತ್ತದೆ, ಯಾವುದು ಉಗುಳುತ್ತದೆ, ಯಾವುದು ಮೊದಲ ಮಳೆಗೇ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ ಎಂದು ಬೆರಳಲ್ಲಿ ತಟ್ಟಿ ನೋಡಿ ಹೇಳಿಬಿಡುತ್ತಾನೆ. ಹಂಪಿಯ ಹೋಮ್‌ಸ್ಟೇ ಬೋರ್ಡುಗಳು, ಕಂಪ್ಲಿಯ ಅಕ್ಕಿ ಗಿರಣಿಗಳ ಹೆಸರುಗಳು, ಹೊಸಪೇಟೆಯ ಎಷ್ಟೋ ಅಂಗಡಿಗಳ ಶಟರುಗಳು ಅವನ ಕೈಯವೇ. ಎಲ್ಲ ಕೆಲಸದ ಕೆಳಗಿನ ಬಲಮೂಲೆಯಲ್ಲಿ ಹೆಬ್ಬೆರಳಗಲದ ಅಕ್ಷರದಲ್ಲಿ ‘ಉಚ್ಚೆಂಗಪ್ಪ, ಚಿತ್ತವಾಡ್ಗಿ’ ಎಂದು ಬರೆಯುತ್ತಾನೆ. ಫೋನ್ ನಂಬರ್ ಮಾತ್ರ ಬರೆಯುವುದಿಲ್ಲ.

“ಕೆಲಸ ಚೊಲೊ ಇದ್ರ ಹುಡುಕ್ಕೊಂಡು ಬರ್ತಾರ, ಕೆಟ್ಟಿದ್ರೂ ಹುಡುಕ್ಕೊಂಡು ಬರ್ತಾರ. ನಂಬರ್ ಯಾಕ ಬೇಕ್ರಿ?” ಎನ್ನುವುದು ಅವನ ವಾದ.

ವರ್ಷಕ್ಕೊಮ್ಮೆ ತಪ್ಪದೆ ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಸಂಡೂರು ರಸ್ತೆಯ ಪಕ್ಕದ ಒಂದು ಹಳ್ಳಿಯ ಶಾಲೆ. ಆ ರಸ್ತೆಯಲ್ಲಿ ದಿನವಿಡೀ ಅದಿರಿನ ಲಾರಿಗಳು ಓಡುತ್ತವೆ. ಮೇ ತಿಂಗಳಲ್ಲಿ ಉಚ್ಚೆಂಗಪ್ಪ ಬಳಿದ ಬಿಳಿ ಗೋಡೆ ದಸರೆಯ ಹೊತ್ತಿಗೆ ನಸುಗೆಂಪಾಗಿ, ಸಂಕ್ರಾಂತಿಯ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಶಾಲೆಯ ಗೋಡೆ ಬಿಳಿಯೇ ಇರಬೇಕೆಂದು ಯಾವುದೋ ಫೈಲಿನಲ್ಲಿ ಬರೆದಿತ್ತಂತೆ. ದೂಳು ಯಾಕೆ ಬರುತ್ತದೆ, ಲಾರಿಯ ಮೇಲೆ ತಾಡಪಾಲು ಯಾಕೆ ಇಲ್ಲ ಎಂದು ಕೇಳುವುದು ಆ ಸೀಮೆಯಲ್ಲಿ ಮರ್ಯಾದೆಯ ಮಾತಲ್ಲ. ಹೀಗಾಗಿ ಎಲ್ಲರೂ ಸೇರಿ ಗೋಡೆಯ ಬಗ್ಗೆಯೇ ಚಿಂತೆ ಮಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಆ ಚಿಂತೆಗೆ ಗಣಿ ಕಂಪನಿಯೊಂದು ವಿಜ್ಞಾನವನ್ನು ಕಳಿಸಿತು. ವಿಜ್ಞಾನದ ಹೆಸರು ಕನಕರಾಜ್. ಇಸ್ತ್ರಿ ಕೆಡದ ಅಂಗಿ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಹೊಸ ಪೇಂಟ್ ಬಳಿದ ಒಂದು ಬಿಳಿ ಹಂಚು. ಹೆಡ್‌ಮಾಸ್ಟರ್ ಕೊಟ್ರಯ್ಯನವರ ಕೋಣೆಯಲ್ಲಿ ಆ ಹಂಚಿನ ಮೇಲೆ ಅವನು ರಸ್ತೆಯ ಕೆಂಪು ದೂಳು ಉದುರಿಸಿ, ಲೋಟದಿಂದ ನೀರು ಹನಿಸಿದ. ಹನಿಗಳು ಮುತ್ತಿನಂತೆ ದುಂಡಗೆ ನಿಂತು, ಹಂಚನ್ನು ಸ್ವಲ್ಪ ಓರೆ ಮಾಡಿದ ಕೂಡಲೇ ದೂಳನ್ನೆಲ್ಲ ಅಪ್ಪಿಕೊಂಡು ಉರುಳಿ ಹೋದವು. ಹಂಚು ಒದ್ದೆಯೂ ಆಗಿರಲಿಲ್ಲ.

“ತಾವರೆ ಎಲೆಯಿಂದ ಕಲಿತದ್ದು ಸರ್,” ಎಂದ ಕನಕರಾಜ್. “ಎಲೆಯ ಮೈ ನುಣುಪು ಅಂತ ನಾವು ತಿಳ್ಕೊಂಡಿದೀವಿ. ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ದಿಬ್ಬ ಇರ್ತವೆ, ಮೇಲೆ ಮೇಣ. ಹನಿ ದಿಬ್ಬಗಳ ತುದಿ ಮೇಲೆ ಕೂರುತ್ತೆ, ಕೆಳಗೆ ಗಾಳಿ. ಅಂಟೋಕೆ ಜಾಗಾನೇ ಸಿಗಲ್ಲ. ದೂಳನ್ನ ಹೊತ್ಕೊಂಡು ಉರುಳುತ್ತೆ. ಈ ಪೇಂಟೂ ಹಾಗೇ. ಐದು ವರ್ಷ ಗೋಡೆ ತನ್ನನ್ನ ತಾನೇ ತೊಳ್ಕೊಳ್ಳುತ್ತೆ.”

ಕೊಟ್ರಯ್ಯನವರು ಬಾಯಿ ತೆರೆದುಕೊಂಡು ನೋಡಿದರು. ಬಾಗಿಲಲ್ಲಿ ನಿಂತಿದ್ದ ಉಚ್ಚೆಂಗಪ್ಪ ಮಾತ್ರ ಲೆಕ್ಕ ಹಾಕಿದ. ಐದು ವರ್ಷ ತನ್ನನ್ನು ತಾನೇ ತೊಳೆದುಕೊಳ್ಳುವ ಗೋಡೆಗೆ ಉಚ್ಚೆಂಗಪ್ಪ ಯಾಕೆ ಬೇಕು? ಆದರೆ ಕಂಪನಿಯ ದಯೆ ದೊಡ್ಡದು. ಅವನ ಕೆಲಸ ಕಿತ್ತುಕೊಳ್ಳುವ ಆ ಬಣ್ಣವನ್ನು ಬಳಿಯುವ ಕೆಲಸವನ್ನು ಅವನಿಗೇ ಕೊಟ್ಟಿತು. ಒಂದು ದಿನದ ತರಬೇತಿ, ಮಧ್ಯಾಹ್ನ ಪಲಾವ್, ಸಂಜೆ ಸರ್ಟಿಫಿಕೇಟ್. ಅದರಲ್ಲಿ ಅವನ ಹೆಸರಿನ ಮುಂದೆ ‘ಮೇಲ್ಮೈ ತಂತ್ರಜ್ಞ’ ಎಂದು ಅಚ್ಚಾಗಿತ್ತು.

ಹೆಂಡತಿ ಚೆನ್ನಬಸಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳು ಹೊಸಪೇಟೆ ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷದಿಂದ ಹೂವು ಮಾರುವವಳು. ಮಲ್ಲಿಗೆಯ ದಂಡೆ ಬಾಡದಂತೆ ತಾವರೆ ಎಲೆಯಲ್ಲಿ ಸುತ್ತಿ ಕೊಡುವುದು ಅವಳ ಪದ್ಧತಿ.

“ತಾವರಿ ಎಲಿ ಮ್ಯಾಲ ನೀರು ನಿಂದ್ರಂಗಿಲ್ಲ ಅಂತ ಕಂಡುಹಿಡಿಯಾಕ ಕಾಲೇಜಿಗೆ ಹೋಗಬೇಕಾತೇನ್ರಿ?” ಎಂದಳು. “ಇರ್ಲಿ. ಎಲಿ ಕತಿ ನನಗ ಗೊತ್ತೈತಿ. ಮುಟ್ಟಲಿಲ್ಲಂದ್ರ ಮಸ್ತ್ ಇರತೈತಿ. ತಿಕ್ಕಿದ್ರ ಮುಗೀತು. ಅವ್ರಿಗೆ ಹೇಳ್ರಿ, ಗೋಡಿ ತಿಕ್ಕಬ್ಯಾಡ್ರಿ ಅಂತ.”

ಉಚ್ಚೆಂಗಪ್ಪ ಹೇಳಿದ. ಎಂಟು ದಿನ ಬೆವರು ಸುರಿಸಿ ಎರಡು ಕೋಟ್ ಹೊಡೆದು, ಡಬ್ಬಿಗೆ ಒಂದು ತೊಟ್ಟು ನೀರೂ ಸೇರಿಸದೆ ಮುಗಿಸಿದ. ಕೊನೆಗೆ ಮೂಲೆಯಲ್ಲಿ ಹೆಸರು ಬರೆಯಲು ಹೋದರೆ, ನೀರಿನ ಬಣ್ಣ ಕುಂಚದಿಂದ ಇಳಿದು ಗುಂಡುಗುಂಡಾಗಿ ಜಾರಿ ಹೋಯಿತು. ಅವನಿಗೆ ಸಿಟ್ಟೂ ಬಂತು, ನಗುವೂ ಬಂತು. ತನ್ನ ಹೆಸರನ್ನೇ ಒಲ್ಲೆ ಎನ್ನುವ ಗೋಡೆಯನ್ನು ಅವನು ಮೊದಲ ಸಲ ಕಂಡದ್ದು. ಎಣ್ಣೆ ಬಣ್ಣ ತಂದು ಬರೆದ. ಎಣ್ಣೆಗೆ ಗೋಡೆ ಸೋತಿತು. ಹೊರಡುವಾಗ ಕೊಟ್ರಯ್ಯನವರಿಗೆ ಕೈ ಮುಗಿದು, “ಸರ್, ದೂಳು ಕುಂತ್ರ ಕುಂದ್ರಲಿ. ಮಳಿ ಬಂದಾಗ ತಾನ ಹೋಗತೈತಿ. ಯಾರೂ ತಿಕ್ಕಬ್ಯಾಡ್ರಿ,” ಎಂದ. ಅದೇ ಮಾತು ಕನಕರಾಜ್ ಕೊಟ್ಟ ಹಾಳೆಯಲ್ಲಿ ಇಂಗ್ಲಿಷಿನಲ್ಲೂ ಇತ್ತು. ಕೊಟ್ರಯ್ಯನವರು ಆ ಹಾಳೆಗೆ ಕಟ್ಟು ಹಾಕಿಸಿ ತಮ್ಮ ಕೋಣೆಯ ಗೋಡೆಗೆ ನೇತುಹಾಕಿದರು. ಓದಲಿಲ್ಲ.

ಉದ್ಘಾಟನೆ ಜೂನ್ ಎರಡನೇ ವಾರಕ್ಕೆ ನಿಗದಿಯಾಯಿತು. ಗೋಡೆಗೂ ಉದ್ಘಾಟನೆಯೇ ಎಂದು ಯಾರೂ ಕೇಳಲಿಲ್ಲ. ಆ ವರ್ಷ ಮಳೆ ತಡ ಮಾಡಿತು. ಕಾರ್ಯಕ್ರಮದ ಹಿಂದಿನ ದಿನ ಉಚ್ಚೆಂಗಪ್ಪ ಕಂಪ್ಲಿಯಲ್ಲಿ ಒಂದು ಗಿರಣಿಯ ಹೆಸರು ಬರೆಯುತ್ತಿದ್ದ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗೋಡೆ ಹಾಲಿನಂತೆ ಬೆಳ್ಳಗಿತ್ತು.

“ಮಳಿ ಬಂದಿತ್ತೇನ್ರಿ ಸರ್?”

“ಹ್ಞೂಂ, ನಿನ್ನಿ ಒಂದೀಟು ಬಂದಂಗಾತು,” ಎಂದರು ಕೊಟ್ರಯ್ಯನವರು, ಅವನ ಮುಖ ನೋಡದೆ.

ಅಂಗಳದ ನೆಲ ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯ ಬುಡದಲ್ಲಿ ಮಾತ್ರ ಮೊಳದಗಲ ಹಸಿ. ಗೋಡೆಗೆ ಮಾತ್ರ ಬರುವ ಮಳೆಯನ್ನು ಉಚ್ಚೆಂಗಪ್ಪ ಎಲ್ಲೂ ಕಂಡಿರಲಿಲ್ಲ. ಸೋಪಿನ ಪುಡಿಯ ವಾಸನೆಯೂ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಕಾರುಗಳು ಬಂದವು, ಡೊಳ್ಳು ಶುರುವಾಯಿತು.

ಕಂಪನಿಯ ದೊಡ್ಡ ಸಾಹೇಬರು ಪ್ರಕೃತಿಯೇ ನಮ್ಮ ಗುರು ಎಂದು ಇಪ್ಪತ್ತು ನಿಮಿಷ ಮಾತಾಡಿದರು. ಅವರ ಬೆನ್ನ ಹಿಂದೆ ಗುರುವಿನ ಗುಡ್ಡವನ್ನು ಅಗೆದು ತುಂಬಿದ ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಬಳಿಕ ಸಾಹೇಬರು ಹಿತ್ತಾಳೆ ತಟ್ಟೆಯಿಂದ ಕೆಂಪು ದೂಳನ್ನು ತೆಗೆದು, ಅಕ್ಷತೆ ಹಾಕುವ ಹಾಗೆ ಗೋಡೆಗೆ ಎರಚಿ, ತಂಬಿಗೆಯಿಂದ ನೀರು ಹುಯ್ದರು. ನೀರು ಮುತ್ತಾಗಲಿಲ್ಲ. ದೂಳಿನೊಡನೆ ಕಲೆತು, ಎಲೆಯಡಿಕೆ ಉಗುಳಿದಂತೆ ಉದ್ದಕ್ಕೂ ಇಳಿದು, ಅಲ್ಲಿಯೇ ಅಂಟಿಕೊಂಡು ಕುಳಿತಿತು. ನೀರು ಬಿದ್ದ ಕೂಡಲೇ ಚಪ್ಪಾಳೆ ಹೊಡೆಯಬೇಕೆಂದು ಮಕ್ಕಳಿಗೆ ಮೂರು ದಿನ ಕಲಿಸಿದ್ದರು. ಮಕ್ಕಳು ಹೊಡೆದರು.

ಸಾಹೇಬರು ಇನ್ನೊಂದು ತಂಬಿಗೆ ಹುಯ್ದರು. ಕಲೆ ಇನ್ನಷ್ಟು ಅಗಲವಾಯಿತು. ಮಕ್ಕಳು ಇನ್ನೂ ಜೋರಾಗಿ ಹೊಡೆದರು. ಸಾಹೇಬರ ಕಣ್ಣು ಕೆಳಗಿಳಿದು ಬಲಮೂಲೆಯ ಹೆಸರಿನ ಮೇಲೆ ನಿಂತಿತು.

“ಯಾರಿದು ಉಚ್ಚೆಂಗಪ್ಪ?”

ಇಷ್ಟು ವರ್ಷದಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಓದಿದ ಮೊದಲ ದೊಡ್ಡ ಮನುಷ್ಯರು ಇವರೇ ಎಂದುಕೊಂಡು ಉಚ್ಚೆಂಗಪ್ಪ ಮುಂದೆ ಬಂದ. ಬಂದದ್ದೇ ತಪ್ಪಾಯಿತು.

“ಪೇಂಟಿಗೆ ನೀರು ಬೆರೆಸಿದ್ರಾ?” ಎಂದು ಕನಕರಾಜ್ ಎಲ್ಲರ ಮುಂದೆ ಕೇಳಿದ.

“ಇಲ್ರಿ ಸರ್. ನನ್ನ ಮಕ್ಕಳಾಣೆ, ಒಂದು ತೊಟ್ಟೂ ಇಲ್ಲ.”

“ಹಾಗಾದ್ರೆ ಹಚ್ಚೋದರಲ್ಲಿ ತಪ್ಪಾಗಿದೆ.”

ಉಚ್ಚೆಂಗಪ್ಪ ಕೊಟ್ರಯ್ಯನವರ ಕಡೆ ನೋಡಿದ. ಕೊಟ್ರಯ್ಯನವರು ತಮ್ಮ ಚಪ್ಪಲಿಯ ಉಂಗುಟವನ್ನು ನೋಡುತ್ತಿದ್ದರು. ಕಂಪನಿ ಅಲ್ಲಿಯೇ ಕೈ ತೊಳೆದುಕೊಂಡಿತು. ಬಣ್ಣ ಸರಿ, ವಿಜ್ಞಾನ ಸರಿ, ತಾವರೆಯೂ ಸರಿ, ಪೇಂಟರ್ ಸರಿಯಿಲ್ಲ ಎಂದು ವರದಿಯಾಯಿತು. ಮರುದಿನ ಯಾರೋ ಮೂಲೆಯ ಹೆಸರನ್ನು ಬ್ಲೇಡಿನಲ್ಲಿ ಕೆರೆದು ಹಾಕಿದರು.

ಸುದ್ದಿ ಅವನಿಗಿಂತ ಮೊದಲು ಚಿತ್ತವಾಡ್ಗಿ ತಲುಪಿತ್ತು. ಆಟೋ ಸ್ಟ್ಯಾಂಡಿನಲ್ಲಿ ‘ಏನ್ಲೇ ತಾವರಿ ಉಚ್ಚೆಂಗಪ್ಪ’ ಎಂದು ಕರೆಯತೊಡಗಿದರು. ಕಂಪ್ಲಿಯ ಗಿರಣಿಯವರು ಫೋನ್ ಮಾಡಿ, ಮುಂದಿನ ಗೋಡೆ ಬೇರೆಯವರಿಗೆ ಕೊಟ್ಟಿದ್ದೇವೆ ಎಂದರು. ಹಂಪಿಯ ಹೋಮ್‌ಸ್ಟೇಯವನು ಫೋನೇ ಎತ್ತಲಿಲ್ಲ. ಬಡವ ಎಂದರೆ ಅವನು ಸಹಿಸುತ್ತಿದ್ದ, ಮುದುಕ ಎಂದರೂ ನಗುತ್ತಿದ್ದ. ಕಳ್ಳಕೆಲಸದವನು ಎಂಬ ಮಾತು ಮಾತ್ರ ಮುಳ್ಳಿನ ಹಾಗೆ ಚುಚ್ಚಿತು. ಅವನಲ್ಲಿದ್ದ ಆಸ್ತಿಯೆಂದರೆ ಆ ಹೆಬ್ಬೆರಳಗಲದ ಹೆಸರು, ಅದಕ್ಕೇ ಬ್ಲೇಡು ಹಾಕಿದ್ದರು.

ಚೆನ್ನಬಸಮ್ಮ ಒಂದು ಸಂಜೆ ಬುಟ್ಟಿಯಿಂದ ತಾವರೆ ಎಲೆ ತೆಗೆದು ಅವನ ಮುಂದಿಟ್ಟಳು. ನೀರು ಚಿಮುಕಿಸಿದಳು, ಹನಿಗಳು ಉರುಳಾಡಿದವು. ಎಲೆಯ ಅರ್ಧಭಾಗವನ್ನು ಸೋಪು ಹಚ್ಚಿದ ಅರಿವೆಯಿಂದ ಗಸಗಸ ಉಜ್ಜಿ, ತೊಳೆದು, ಮತ್ತೆ ಚಿಮುಕಿಸಿದಳು. ಉಜ್ಜಿದ ಕಡೆ ನೀರು ಹರಡಿಕೊಂಡು ಕೂತಿತು, ಉಜ್ಜದ ಕಡೆ ಮೊದಲಿನಂತೆಯೇ ಆಡುತ್ತಿತ್ತು.

“ಯಾರೋ ತಿಕ್ಯಾರ್ರಿ ನಿಮ್ಮ ಗೋಡಿ,” ಎಂದಳು. “ನೀವು ಸುಮ್ಕ ಕೊರಗಬ್ಯಾಡ್ರಿ. ಮಳಿ ಬರ್ಲಿ, ಗೋಡಿನ ಹೇಳತೈತಿ.”

ಹತ್ತು ದಿನದ ಮೇಲೆ ಮಳೆ ಬಂತು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಸುರಿಯಿತು. ಗಂಡಹೆಂಡತಿ ಸಂಡೂರಿನ ಬಸ್ಸು ಹತ್ತಿ ಶಾಲೆಯ ಮುಂದೆ ಇಳಿದರು. ಇಳಿದವರು ಅಲ್ಲಿಯೇ ನಿಂತುಬಿಟ್ಟರು. ಗೋಡೆ ಎರಡು ಭಾಗವಾಗಿತ್ತು. ಮೇಲಿನ ಅರ್ಧ ಶುಭ್ರವಾಗಿ ಬೆಳ್ಳಗೆ ಹೊಳೆಯುತ್ತಿತ್ತು, ಹನಿಗಳು ಈಗಲೂ ಅಲ್ಲಿಂದ ಪಟಪಟ ಉರುಳುತ್ತಿದ್ದವು. ಕೆಳಗಿನ ಅರ್ಧ ಕೆಂಪು ರಾಡಿಯನ್ನು ಕುಡಿದು ಮಂಕಾಗಿ ಕೂತಿತ್ತು. ನಡುವಿನ ಗೆರೆ ನೇರವಾಗಿರಲಿಲ್ಲ. ಕೈಯೆತ್ತಿ ತಿಕ್ಕಿದಾಗ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ, ಉದ್ದಕ್ಕೂ ಕಮಾನು ಕಮಾನಾಗಿ ಹೋಗಿತ್ತು. ಬಾಗಿಲ ಪಕ್ಕದ ಒಂದು ಕಮಾನು ಮಾತ್ರ ಉಳಿದವಕ್ಕಿಂತ ಎರಡು ಗೇಣು ಮೇಲೆ.

ಬಿಸಿಯೂಟದ ಅಡುಗೆಯ ಸುವರ್ಣಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗೋಡೆ ನೋಡಿದಳು, ಉಚ್ಚೆಂಗಪ್ಪನ ಮುಖ ನೋಡಿದಳು. ಮೆಲ್ಲಗೆ ಹೋಗಿ ಆ ಎತ್ತರದ ಕಮಾನಿನ ಕೆಳಗೆ ನಿಂತು ಕೈ ಎತ್ತಿದಳು. ಬೆರಳು ಗೆರೆಗೆ ಸರಿಯಾಗಿ ಎರಡು ಗೇಣು ಕಡಿಮೆ ಬಿತ್ತು.

“ಇದು ನಂದ ಅಣ್ಣಾ,” ಎಂದಳು. “ನಾನು ಬೆಂಚಿನ ಮ್ಯಾಲ ನಿಂತಿದ್ದೆ. ಸಾಹೇಬ್ರು ಬರ್ತಾರ, ಗೋಡಿ ಕೆಂಪಾಗೈತಿ, ಜಲ್ದಿ ತೊಳೀರಿ ಅಂತ ಹೆಡ್‌ಮಾಸ್ಟ್ರು ಅಂದ್ರು. ಐದು ಮಂದಿ ಹೆಣ್ಮಕ್ಕಳು ತೆಂಗಿನ ನಾರು, ಸೋಪಿನ ಪುಡಿ ಹಾಕಿ ಸಂಜೀತನ ತಿಕ್ಕಿದ್ವಿ. ಮ್ಯಾಲ ಕೈ ಹೋಗದ ಕಡೆ ಬಕೀಟಿನಿಂದ ನೀರು ಎರಚಿದ್ವಿ.”

“ಬರೀ ನೀರು ಹೊಡೆದಿದ್ರ ಸಾಕಿತ್ತಲ್ಲ ತಂಗಿ!”

“ಬರೀ ನೀರು ಹಾಕಿದ್ರ ತೊಳದಂಗ ಹೆಂಗಾಗತೈತಿ? ತಿಕ್ಕದಿದ್ರ ಮೈಗಳ್ಳರು ಅನ್ನಂಗಿಲ್ಲೇನು?” ಎಂದಳು ಸುವರ್ಣಮ್ಮ. ಅವಳ ಕಣ್ಣು ತುಂಬಿತ್ತು. “ತಾನ ತೊಳ್ಕೊಂತೈತಿ ಅಂತ ನಮಗ್ಯಾರು ಹೇಳಿದ್ರು ಅಣ್ಣಾ?”

ಉಚ್ಚೆಂಗಪ್ಪನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಮೈಮುರಿದು ಕೆಲಸ ಮಾಡಿ ಕೆಲಸ ಕೆಡಿಸಿದವರನ್ನು ಬೈಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ಸಾಹೇಬರಿಗೆ ತೋರಿಸಲಿಕ್ಕೆ ಹಿಂದಿನ ದಿನ ಗೋಡೆ ತೊಳೆಸಿದ ಕೊಟ್ರಯ್ಯನವರು ಕಿಟಕಿಯಿಂದ ನೋಡುತ್ತಿದ್ದರು. ಅವನು ಒಳಗೆ ಹೋಗಿ ಎದುರು ನಿಂತ.

“ಸರ್, ನೀರು ಬೆರಸಿಲ್ಲ ಅಂತ ಮಕ್ಕಳ ಮುಂದ ಒಂದು ಮಾತು ಹೇಳ್ರಿ. ನನಗ ಅಷ್ಟ ಸಾಕು.”

“ಹೇಳೋಣಪ್ಪ, ಹೇಳೋಣ. ಸೋಮವಾರ ಪ್ರಾರ್ಥನೆ ಹೊತ್ತಿನ್ಯಾಗ,” ಎಂದರು ಕೊಟ್ರಯ್ಯನವರು. ಆ ಮೇಲೆ ಎಷ್ಟೋ ಸೋಮವಾರಗಳು ಬಂದವು. ಮಕ್ಕಳು ಪ್ರಾರ್ಥನೆ ಮಾಡಿದರು. ಆ ಮಾತನ್ನು ಕೊಟ್ರಯ್ಯನವರು ಹೇಳಲಿಲ್ಲ.

ಸುದ್ದಿ ಕೇಳಿ ಕನಕರಾಜ್ ಮಾತ್ರ ಓಡಿ ಬಂದ. ಏಣಿ ತರಿಸಿ, ಗೋಡೆಯ ಮೇಲಿನ ಅರ್ಧದ ಫೋಟೋ ಮಾತ್ರ ತೆಗೆದುಕೊಂಡ. ಕಂಪನಿಯ ವಾರ್ಷಿಕ ಪುಸ್ತಕದಲ್ಲಿ ಆ ಫೋಟೋ ಇಡೀ ಪುಟದಲ್ಲಿ ಅಚ್ಚಾಯಿತು. ಯೋಜನೆ ಯಶಸ್ವಿ ಎಂದು ಅಡಿಬರಹ. ಕೆಳಗಿನ ಅರ್ಧದ ಬಗ್ಗೆ ಮೂರು ಸಭೆಗಳಾದವು. ಅಲ್ಲಿ ದೂಳು ಕಾಣದಂಥ ಬಣ್ಣ ಬಳಿಯಬೇಕು ಎಂದು ಕೊನೆಗೆ ತೀರ್ಮಾನವಾಯಿತು. ದೂಳು ಕಾಣದ ಬಣ್ಣವೆಂದರೆ ದೂಳಿನದೇ ಬಣ್ಣ. ಹಿರಿಯರು ಮನೆಯ ಗೋಡೆಯ ಕೆಳಪಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದದ್ದು ಯಾಕೆಂದು ಮೂರು ಸಭೆಗಳ ಬಳಿಕ ಕಂಪನಿಗೆ ಹೊಳೆಯಿತು. ಅದಕ್ಕೂ ಒಂದು ಇಂಗ್ಲಿಷ್ ಹೆಸರು ಇಟ್ಟರು.

ಬಳಿಯಲು ಮತ್ತೆ ಉಚ್ಚೆಂಗಪ್ಪನೇ ಬೇಕಾಯಿತು. ಬರಬಾರದು ಎಂದುಕೊಂಡಿದ್ದ, ಬಂದ. ಕೆಂಪು ಬಣ್ಣ ಕೆಳಗಿನ ಅರ್ಧಕ್ಕೆ ಸಲೀಸಾಗಿ ಹತ್ತಿತು, ತಾವರೆಯ ಗುಣ ಅಲ್ಲಿ ಎಂದೋ ಹೋಗಿಬಿಟ್ಟಿತ್ತು. ಸುವರ್ಣಮ್ಮ ಎರಡು ಸಲ ಚಹಾ ತಂದು ಕೊಟ್ಟಳು. ಊಟಕ್ಕೆ ಕೂತ ಮಕ್ಕಳಿಗೆಲ್ಲ ಕೇಳುವ ಹಾಗೆ, “ಈ ಅಣ್ಣ ಬಣ್ಣಕ್ಕ ಒಂದು ತೊಟ್ಟು ನೀರು ಹಾಕಿರಲಿಲ್ಲ, ಗೋಡಿ ಕೆಡಿಸಿದವರು ನಾವು,” ಎಂದು ಸಾರು ಬಡಿಸುತ್ತ ಹೇಳಿದಳು.

ಕೆಲಸ ಮುಗಿದ ಮೇಲೆ ಅವನು ಬಲಮೂಲೆಗೆ ಹೋಗಲಿಲ್ಲ. ಎಣ್ಣೆ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ. ಕಮಾನುಗಳನ್ನೆಲ್ಲ ದಾಟಿ, ಸೂರಿನ ಕೆಳಗೆ, ಬಿಳಿಯ ಮೇಲೆ ‘ಉಚ್ಚೆಂಗಪ್ಪ, ಚಿತ್ತವಾಡ್ಗಿ’ ಎಂದು ಗೇಣುದ್ದದ ಅಕ್ಷರದಲ್ಲಿ ಬರೆದ.

ಕೊಟ್ರಯ್ಯನವರು ಕತ್ತು ಎತ್ತಿ ನೋಡಿದರು. “ಅಷ್ಟು ಮ್ಯಾಲ ಯಾಕಪ್ಪಾ?”

“ಅಲ್ಲಿಗೆ ಯಾರ ಕೈನೂ ಹೋಗಂಗಿಲ್ರಿ ಸರ್,” ಎಂದ ಉಚ್ಚೆಂಗಪ್ಪ, ಏಣಿ ಇಳಿಯುತ್ತ. “ಮಳಿ ಒಂದ ಹೋಗತೈತಿ.”