ಪೆಡಲಕ್ಕ ‘ಹೂಂ’ ಅನ್ನುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಹಳೆಯ ಕಾಲದ ಕಾರೊಂದು ಚಕ್ರ ಕಳಚಿಕೊಂಡು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಡ್ರೈವರ್ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬರಿಗಾಲಲ್ಲಿ ಕೂತಿದ್ದಾರೆ. ಚಪ್ಪಲಿ ಕೆಳಗೆ, ಕಾರಿನ ಕೀ ಎಡಗೈ ಮುಷ್ಟಿಯೊಳಗೆ. ಹಿಂದಿನ ಚಕ್ರದ ಜಾಗದಲ್ಲಿ ನೆಲಕ್ಕೆ ಬೆನ್ನು ಕೊಟ್ಟು ಮಲಗಿರುವ ಗಂಡನ ದನಿಯಷ್ಟೇ ಕೇಳುತ್ತಿದೆ.

“ಒತ್ತು… ಹಿಡ್ಕೋ… ಹಾಂ, ಬಿಡು.”

ಬ್ರೇಕಿನ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗಟ್ಟುವ ಕೆಲಸ ಇದು. ಇಲ್ಲಿ ಒಬ್ಬರ ಕೈ, ಇನ್ನೊಬ್ಬರ ಕಾಲು ಬೇಕೇ ಬೇಕು. ಆಕೆ ಪೆಡಲ್ ಒತ್ತಿ ಹಿಡಿದಾಗ ಆತ ಚಕ್ರದ ಬಳಿ ಪೈಪಿನ ತುದಿಯಲ್ಲಿರುವ ಪುಟ್ಟ ತಿರುಪನ್ನು, ಅಂದರೆ ನಿಪ್ಪಲ್ಲನ್ನು, ಸಡಿಲಿಸುತ್ತಾರೆ. ಬ್ರೇಕ್ ಆಯಿಲ್ ಜೊತೆ ಗುಳ್ಳೆಗಳು ಬಾಟಲಿಗೆ ಇಳಿಯುತ್ತವೆ. ನಿಪ್ಪಲ್ ಬಿಗಿಯಾಗುವ ಮೊದಲೇ ಆಕೆ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ, ಪಟ್ಟ ಪಾಡೆಲ್ಲ ನೀರುಪಾಲು. ಊರಿಗೆ ಗೊತ್ತಿರುವುದು ಮೇಸ್ತ್ರಿಯ ಕೈ. ಹೆಂಡತಿಯನ್ನು ಬೀದಿಯವರು ತಮಾಷೆಗೆ ‘ಪೆಡಲಕ್ಕ’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾನು ಬಂದದ್ದೂ ಮೇಸ್ತ್ರಿಯ ಬಗ್ಗೆ ಬರೆಯಲೆಂದೇ.

“ಹೆಂಗಿದೆ?” ಕಾರಿನಡಿಯಿಂದ ಪ್ರಶ್ನೆ.

“ಮೆತ್ತಗಿದೆ.”

“ಇನ್ನೂನಾ?”

“ಇನ್ನೂ.”

ಪಕ್ಕದಲ್ಲಿ ಕಾರಿನ ಒಡೆಯರು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಾರೆ. ಅವರ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಇವತ್ತು ಮನೆಗೆ ಬರುತ್ತಾಳಂತೆ. ಹುಟ್ಟಿದಾಗ ಈ ಒಡೆಯರನ್ನು ಅವರಪ್ಪ ಮನೆಗೆ ತಂದದ್ದು ಇದೇ ಕಾರಿನಲ್ಲಿ. ಮೊಮ್ಮಗಳೂ ಇದರಲ್ಲೇ ಬರಲಿ ಎಂಬ ಆಸೆ. ಆಸ್ಪತ್ರೆ ಇರುವುದು ಗುಡ್ಡದ ಮೇಲೆ. “ಹಳೇ ಕಾರಲ್ವಾ, ಸ್ವಲ್ಪ ಮೆತ್ತಗೇ ಇರುತ್ತೆ ಬಿಡಿ” ಎನ್ನುತ್ತಾರೆ. ಪೆಡಲಕ್ಕ ಅವರ ಕಡೆ ತಿರುಗಿಯೂ ನೋಡುವುದಿಲ್ಲ.

ಈ ಶೆಡ್ಡಿಗೊಂದು ಕಟ್ಟಳೆಯಿದೆ. ಬ್ರೇಕ್ ಮುಟ್ಟಿದ ಯಾವ ಕಾರನ್ನೂ ಮೇಸ್ತ್ರಿ ತಾವೇ ಹಿತ್ತಲಿನ ಇಳಿಜಾರಿನಲ್ಲಿ ಇಳಿಸಿ ನೋಡದೆ ಒಡೆಯರ ಕೈಗೆ ಕೊಡುವುದಿಲ್ಲ. ಇಳಿಜಾರು ಮುಗಿಯುವುದು ಒಂದು ಗೋದಾಮಿನ ಕಲ್ಲುಗೋಡೆಯ ಮುಂದೆ. ಗೋಡೆಯ ನಡುವೆ ಬೇರೆ ಬಣ್ಣದ ಸಿಮೆಂಟಿನ ತೇಪೆಯೊಂದಿದೆ. ಅದೇನು ಎಂದು ನಾನು ಕೇಳಿದ್ದಕ್ಕೆ ಮೇಸ್ತ್ರಿ ಕೆಮ್ಮುತ್ತಾರೆ, ಉತ್ತರ ಬರುವುದು ಪೆಡಲಕ್ಕನಿಂದ.

“ಅದು ಇವರ ಹಟ. ಪೆಡಲ್ ಸರಿ ಇಲ್ಲ ರೀ ಅಂದೆ. ನಿಂಗೇನು ಗೊತ್ತು ಅಂತ ಹೊರಟೇಬಿಟ್ರು. ನಾನು ಮೇಲೆ ನಿಂತು ನೋಡ್ತಾ ಇದ್ದೆ. ಕಾರು ನಿಲ್ಲಲೇ ಇಲ್ಲ.” ಮೇಸ್ತ್ರಿಯ ಪಕ್ಕೆಲುಬು ಮುರಿದಿತ್ತು, ಎಡ ಮೊಣಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. “ಅವತ್ತಿಂದ ಕೀ ನನ್ನ ಹತ್ರ. ನಾನು ಹೂಂ ಅನ್ನೋವರೆಗೆ ಯಾವ ಕಾರೂ ಇಳಿಯಲ್ಲ.”

ಆಕೆ ಈ ಸೀಟಿಗೆ ಬಂದದ್ದು ಮದುವೆಯಾದ ಹೊಸದರಲ್ಲಿ. ಕೆಲಸದವನು ಹೇಳದೆ ಕೇಳದೆ ಬಿಟ್ಟುಹೋಗಿದ್ದ. “ಎರಡು ನಿಮಿಷ ಕಾಲಿಡು ಅಂತ ಕರೆದ್ರು. ಮಗಳು ಹುಟ್ಟಿ, ಬೆಳೆದು, ಮದುವೆಯೂ ಆದ್ಲು. ಇವರ ಎರಡು ನಿಮಿಷ ಇನ್ನೂ ಮುಗಿದಿಲ್ಲ.” ದಿನಕ್ಕೆ ನೂರಾರು ಸಲ ಒತ್ತಿ ಒತ್ತಿ ಬಲಗಾಲಿನ ಮಂಡಿ ಸವೆದಿದೆ, ಮೆಟ್ಟಿಲು ಕಂಡರೆ ಆಗದು. “ನಿದ್ದೇಲೂ ಬ್ರೇಕ್ ಹಾಕ್ತಾಳೆ. ಒದೆ ತಿನ್ನೋನು ನಾನು” ಎಂದು ಕಾರಿನಡಿಯಿಂದ ದೂರು ಬರುತ್ತದೆ.

ನಗು ಅಲ್ಲಿಗೇ ಮುಗಿಯುತ್ತದೆ. ಮತ್ತೊಂದು ಸುತ್ತು ನಡೆದು ಬಾಟಲಿಯಲ್ಲಿ ಒಂದು ಗುಳ್ಳೆಯೂ ಕಾಣದಾದಾಗ ಮೇಸ್ತ್ರಿ ಎದ್ದು ಕೈ ಒರೆಸಿಕೊಳ್ಳುತ್ತಾರೆ.

“ಗಾಳಿ ಖಾಲಿ. ಕೀ ಕೊಡು.”

“ಕೊಡಲ್ಲ.”

“ಅಲ್ಲ ಕಣೇ, ಗುಳ್ಳೆನೇ ಇಲ್ಲ ಅಂದ್ಮೇಲೆ ಇನ್ನೇನಿರುತ್ತೆ?”

“ಗಾಳಿ ಇದೆ ಅಂತ ನಾನೂ ಹೇಳ್ತಿಲ್ಲ. ಗಾಳಿ ಆಗಿದ್ರೆ ಪಟಪಟ ಒತ್ತಿದಾಗ ಪೆಡಲ್ ಮೇಲಕ್ಕೆ ಬರ್ತಿತ್ತು. ಇದು ಬರ್ತಿಲ್ಲ. ಒತ್ತಿದಷ್ಟೂ ನನ್ನ ಕಾಲನ್ನೇ ವಾಪಸ್ ತಳ್ತಿದೆ. ಒಳಗೆ ಏನೋ ಬಾಗ್ತಿದೆ ರೀ.”

ಮೇಸ್ತ್ರಿಯ ಮುಖ ಗಂಟಾಗುತ್ತದೆ. ಒಡೆಯರು ಗಡಿಯಾರ ನೋಡುತ್ತಾರೆ. ಗಂಡ ಕೈ ಚಾಚಿ ನಿಂತಿದ್ದಾರೆ, ಹೆಂಡತಿ ಮುಷ್ಟಿ ಬಿಗಿಹಿಡಿದು ಕೂತಿದ್ದಾರೆ. ಇಂಥ ಹೊತ್ತಿನಲ್ಲಿ ಬರೆಯುವವರು ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ. ಕೊನೆಗೆ ಮೇಸ್ತ್ರಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಏನೋ ಗೊಣಗುತ್ತಾ ಕ್ಲ್ಯಾಂಪುಗಳನ್ನು ಹುಡುಕಲು ಹೋಗುತ್ತಾರೆ.

ಚಕ್ರಗಳಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸುಗಳು ಈ ಕಾರಿನಲ್ಲಿ ಮೂರು. ಮೂರನ್ನೂ ಆಯಿಲ್ ಹರಿಯದಂತೆ ಕ್ಲ್ಯಾಂಪಿನಿಂದ ಬಿಗಿದಾಗ ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ. ಅಂದರೆ ತೊಂದರೆ ಇರುವುದು ಕೆಳಗೆ, ಯಾವುದೋ ಚಕ್ರದಲ್ಲಿ. ಈಗ ಒಂದೊಂದೇ ಬಿಚ್ಚುತ್ತಾ ಬರಬೇಕು. ಹಿಂದಿನದನ್ನು ಬಿಚ್ಚುತ್ತಾರೆ. “ಗಟ್ಟಿ.” ಮುಂದಿನ ಎಡಗಡೆಯದು. “ಗಟ್ಟಿ.” ಮುಂದಿನ ಬಲಗಡೆಯದನ್ನು ಬಿಚ್ಚಿದ್ದೇ ತಡ, ಆಕೆಯ ಮೊಣಕಾಲು ಮುಂದಕ್ಕೆ ಹೋಗುವುದು ನಮಗೂ ಕಾಣುತ್ತದೆ.

“ಇಲ್ಲೇ ಇದೆ!”

“ಅಲ್ಲಿರಕ್ಕೆ ಸಾಧ್ಯಾನೇ ಇಲ್ಲ” ಎನ್ನುತ್ತಾರೆ ಮೇಸ್ತ್ರಿ. “ಅದಕ್ಕೆ ನಿನ್ನೆ ತಾನೆ ಹೊಸ ಲೈನಿಂಗ್ ಹಾಕಿದೀನಿ, ನನ್ನ ಕೈಯಾರೆ.”

“ಅದಕ್ಕೇ ಅಲ್ವಾ ನೀವು ಅದನ್ನ ಬಿಚ್ಚಿ ನೋಡದೆ ಇದ್ದಿದ್ದು.”

ಮೇಸ್ತ್ರಿ ಬಲಗಡೆಯ ಡ್ರಮ್ಮನ್ನು, ಚಕ್ರದ ಜೊತೆ ತಿರುಗುವ ಆ ಕಬ್ಬಿಣದ ಬಟ್ಟಲನ್ನು, ಎಳೆದು ತೆಗೆಯುತ್ತಾರೆ. ಅದರ ಒಳಮೈಗೆ ಸೀಮೆಸುಣ್ಣ ಬಳಿದು, ಮತ್ತೆ ಕೂರಿಸಿ, ಆಕೆ ಮೆಲ್ಲಗೆ ಪೆಡಲ್ ಒತ್ತಿದಾಗ ಒಂದಿಷ್ಟು ತಿರುಗಿಸಿ, ಬಿಚ್ಚುತ್ತಾರೆ. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸಬೇಕಾದ ಬಾಗಿದ ಶೂಗಳಿಗೆ ಹೊದಿಸಿದ ಲೈನಿಂಗಿನ ಮೇಲೆ ಸೀಮೆಸುಣ್ಣ ಅಂಟಿರುವುದು ನಟ್ಟನಡುವೆ ಮಾತ್ರ, ಹೆಬ್ಬೆಟ್ಟಿನಗಲ. ಎರಡೂ ತುದಿ ಖಾಲಿ. ಈ ಡ್ರಮ್ಮನ್ನು ಹಿಂದೆ ಯಾರೋ ಲೇತ್ ಯಂತ್ರಕ್ಕೆ ಕೊಟ್ಟು ಒಳಗಡೆ ಕೊರೆಸಿದ್ದಾರೆ. ಅಗಲವಾದ ಡ್ರಮ್ಮಿಗೆ ಹೊಸ ಲೈನಿಂಗಿನ ಬಾಗು ಕೂರುತ್ತಿಲ್ಲ. ಒತ್ತಿದಾಗೆಲ್ಲ ಶೂ ಬಾಗುತ್ತಿದೆ. ಅಳತೆ ನೋಡದೆ ಲೈನಿಂಗ್ ಹಾಕಿದ್ದು ಮೇಸ್ತ್ರಿಯೇ.

ಅವರು ಆ ಬಿಳಿ ಗುರುತಿನ ಮೇಲೆ ಹೆಬ್ಬೆಟ್ಟು ಇಟ್ಟು ನೋಡುತ್ತಾರೆ. “ಇವತ್ತೂ ಗೋಡೆಗೇ ಹೋಗ್ತಿದ್ದೆ ನಾನು” ಎನ್ನುತ್ತಾರೆ, ಯಾರಿಗೂ ಅಲ್ಲ ಎಂಬಂತೆ.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅರ ಹಿಡಿದು ಕೂರುತ್ತಾರೆ. ಸುಣ್ಣ ಬಳಿಯುವುದು, ಗುರುತು ಬಿದ್ದಲ್ಲಿ ಉಜ್ಜುವುದು, ಮತ್ತೆ ಬಳಿಯುವುದು. ಒಡೆಯರು ಮಗಳಿಗೆ ಫೋನ್ ಮಾಡಿ ತಡವಾಗುತ್ತದೆ ಅನ್ನುತ್ತಾರೆ. ಲೈನಿಂಗಿನ ಉದ್ದಕ್ಕೂ ಸುಣ್ಣ ಅಂಟಿದ ಮೇಲೆ ಶೂ ಅಡ್ಜಸ್ಟ್ ಮಾಡಿ, ಚಕ್ರ ಕೂರಿಸಿ, ಕಾರನ್ನು ಕೆಳಗಿಳಿಸುತ್ತಾರೆ. ಪೆಡಲಕ್ಕ ಒತ್ತುತ್ತಾರೆ. ಬಿಟ್ಟು ಮತ್ತೆ ಒತ್ತಿ, ಕಣ್ಣು ಮುಚ್ಚಿ ಹಿಡಿದೇ ಇರುತ್ತಾರೆ. ನಾವೆಲ್ಲ ಆಕೆಯ ಬಾಯನ್ನೇ ನೋಡುತ್ತಿದ್ದೇವೆ.

“ಹೂಂ.”

ಮುಷ್ಟಿ ಬಿಚ್ಚುತ್ತದೆ. ಕೀಯ ಹಲ್ಲುಗಳು ಅಂಗೈಯಲ್ಲಿ ಅಚ್ಚೊತ್ತಿವೆ.

ಕಾರು ಇಳಿಜಾರಿನ ತುದಿಗೆ ಬರುತ್ತದೆ. ಪೆಡಲಕ್ಕ ಶೆಡ್ಡಿನ ಕಂಬ ಹಿಡಿದು ನಿಲ್ಲುತ್ತಾರೆ. ಕಾರು ವೇಗ ಪಡೆಯುತ್ತದೆ, ಗೋಡೆಯ ತೇಪೆ ಅದರ ಬೆನ್ನಿನಾಚೆ ಮರೆಯಾಗುತ್ತದೆ. ಪಕ್ಕಕ್ಕೆ ನೋಡಿದರೆ ಆಕೆಯ ಬಲಗಾಲು ತನ್ನಷ್ಟಕ್ಕೇ ನೆಲವನ್ನು ಒತ್ತುತ್ತಿದೆ, ಬೆರಳುಗಳು ಬೆಳ್ಳಗಾಗುವಷ್ಟು ಬಲವಾಗಿ.

ಕಾರು ನಿಲ್ಲುತ್ತದೆ. ಗೋಡೆಗೂ ಅದಕ್ಕೂ ನಡುವೆ ಇನ್ನೊಂದು ಕಾರು ನಿಲ್ಲಿಸುವಷ್ಟು ಜಾಗವಿದೆ. ಕಿಟಕಿಯಿಂದ ಮೇಸ್ತ್ರಿಯ ಕೈ ಹೊರಬಂದು ಆಡುತ್ತದೆ. ಆಗಷ್ಟೇ ಆಕೆ ಕಾಲೆತ್ತಿ ಚಪ್ಪಲಿ ಹುಡುಕುತ್ತಾರೆ. ಒಡೆಯರು ಕೆಳಗೋಡಿ, ಅಲ್ಲಿಂದಲೇ ಕಾರು ಹತ್ತಿ ಆಸ್ಪತ್ರೆಗೆ ಹೊರಡುತ್ತಾರೆ.

ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಪೆಡಲಕ್ಕನನ್ನು ಕೇಳುತ್ತೇನೆ.

“ಇಷ್ಟು ಕಾರು ಒತ್ತಿದೀನಿ, ಎಲ್ಲಾ ನಿಂತಿದ್ದವೇ. ನಂಗೆ ಓಡಿಸಕ್ಕೆ ಬರಲ್ಲ. ಕಲೀಬೇಕು. ಒಂದೇ ಒಂದು ಸಲ ಈ ಇಳಿಜಾರಲ್ಲಿ ನಾನು ಕಾರು ಇಳಿಸಬೇಕು.” ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತಿ ಬರುತ್ತಿರುವ ಗಂಡನತ್ತ ನೋಡುತ್ತಾರೆ. “ಅವರು ಈ ಕಂಬ ಹಿಡ್ಕೊಂಡು ಇಲ್ಲಿ ನಿಂತಿರ್ಲಿ.”